ಷಡ್ಡಕನ ಯಂತ್ರ, ನನ್ನ ಕಿವಿ

ಶಹಾಪುರದ ನಮ್ಮ ಮನೆತನದಲ್ಲಿ ಅಜ್ಜ ಮಗ್ಗಕ್ಕೆ ಕೂತವರು, ಅಪ್ಪ ಮಗ್ಗಕ್ಕೆ ಕೂತವರು. ಬಿ.ಎಸ್ಸಿ. ಪರೀಕ್ಷೆಗೆ ಕೂತವನು ನಾನೊಬ್ಬನೇ. ಏಳುವುದು ಕೊಂಚ ತಡವಾಯಿತು. ಆದರೂ ಪದವಿ ಪದವಿಯೇ! ಹೀಗಾಗಿ ಬಿ.ಪಿ. ನೋಡುವುದು ನನಗೊಂದು ವಿದ್ಯೆ ಅನ್ನಿಸಲೇ ಇಲ್ಲ. ವಯಸ್ಸಾದ ಡಾಕ್ಟರೊಬ್ಬರು ದವಾಖಾನೆ ಮುಚ್ಚುವಾಗ ಅವರ ಪಾದರಸದ ಪೆಟ್ಟಿಗೆಯನ್ನೂ ಸ್ಟೆಥಾಸ್ಕೋಪನ್ನೂ ಮನೆಗೆ ತಂದೆ. ತೋಳಿಗೆ ಪಟ್ಟಿ ಸುತ್ತಬೇಕು, ರಬ್ಬರ್ ಗುಂಡು ಹಿಚುಕಿ ಗಾಳಿ ತುಂಬಬೇಕು, ಬಿಡುತ್ತ ಬಿಡುತ್ತ ಮೊದಲ ಬಡಿತ ಕೇಳಿದಾಗ ಪಾದರಸ ಎಲ್ಲಿದೆ ನೋಡಬೇಕು. ಅಷ್ಟೇ. ಫಿಜಿಕ್ಸ್!

ರೋಗಿ ಮನೆಯಲ್ಲೇ ಇದ್ದರು. ನನ್ನ ಅತ್ತೆ. ಗಂಡುಮಕ್ಕಳಿಲ್ಲದ ಅವರು ಕೆಲವು ದಿನ ನಮ್ಮಲ್ಲಿ, ಕೆಲವು ದಿನ ಖಾನಾಪುರದ ಕಿರಿಮಗಳ ಮನೆಯಲ್ಲಿ ಇರುತ್ತಿದ್ದರು. ನೋಡಿದೆ. ಇನ್ನೂರರ ಮೇಲೆ! ಮರುದಿನವೂ ಅಷ್ಟೇ! ಅವರ ತಾಟಿನಿಂದ ಉಪ್ಪು, ಹಪ್ಪಳ, ಉಪ್ಪಿನಕಾಯಿ ಗಡೀಪಾರಾದವು.

"ಅಳಿಯಾರ, ಈ ಸಪ್ಪನ ಝುಣಕಕ್ಕಿಂತ ಬಿ.ಪಿ.ನ ಛಲೋ ಐತ್ರಿ" ಎಂದರು ಅತ್ತೆ.

"ಇದನ್ನ ನಾ ಹೇಳಾಕತ್ತಿಲ್ಲ ಅತ್ತಿ, ವಿಜ್ಞಾನ ಹೇಳತೈತಿ" ಎಂದೆ.

ಅತ್ತೆ ಗಂಟು ಕಟ್ಟಿಕೊಂಡು ಖಾನಾಪುರದ ಗಾಡಿ ಹತ್ತಿದರು. ಹಿಂದೆಯೇ ಸುದ್ದಿ ಬಂತು: ಬಿ.ಪಿ. ನಾರ್ಮಲ್! ನೋಡಿದವನು ಯಾರು? ನನ್ನ ಷಡ್ಡಕ ಬಸಣ್ಣ. ಹಂಚಿನ ವ್ಯಾಪಾರಿ, ಎಸ್ಸೆಸ್ಸೆಲ್ಸಿಯ ಹೊಸ್ತಿಲು ದಾಟದವನು! ಅವನ ತಮ್ಮ ಕುವೈತಿನಿಂದ ಒಂದು ಯಂತ್ರ ತಂದಿದ್ದನಂತೆ. ಗುಂಡಿ ಒತ್ತಿದರೆ ಸಾಕು, ತಾನೇ ಗಾಳಿ ತುಂಬಿಕೊಂಡು ತಾನೇ ಅಂಕಿ ತೋರಿಸುತ್ತದಂತೆ. ಕಿವಿ ಬೇಡ, ಫಿಜಿಕ್ಸ್ ಬೇಡ, ಬಿ.ಎಸ್ಸಿ. ಬೇಡ!

"ಅವ್ವ ಅಲ್ಲಿ ಉಪ್ಪಿನಕಾಯಿ ತಿಂದು ಆರಾಮ ಅದಾಳಂತ. ಇನ್ನ ನಮ್ಮ ಕಡೆ ಬರಾಕ ಒಲ್ಲೆ ಅಂತಾಳ" ಎಂದಳು ಹೆಂಡತಿ.

"ಆ ಯಂತ್ರ ಸುಳ್ಳ ಹೇಳತೈತಿ!"

"ಯಂತ್ರಕ್ಕ ನಿಮ್ಮ ಮ್ಯಾಲ ಏನ ಸಿಟ್ಟ ಐತ್ರೀ?"

ನನಗೆ ಹೊಟ್ಟೆಕಿಚ್ಚು ಎಂದು ಓದುಗರು ತಿಳಿಯಬಾರದು. ಸತ್ಯ ಸೋಲಬಾರದು ಎಂಬ ಕಳಕಳಿ, ಅಷ್ಟೇ. ಅದು ಹೊಟ್ಟೆಯಲ್ಲೇ ಉರಿಯುತ್ತಿತ್ತು ಎಂಬುದು ಬೇರೆ ಮಾತು. ಯಂತ್ರ, ಅತ್ತೆ ಇಬ್ಬರನ್ನೂ ಕರೆದುಕೊಂಡು ಬಾ, ಯಾರ ಲೆಕ್ಕ ಖರೇ ಆಗುತ್ತದೋ ಅವರ ಮನೆಯಲ್ಲಿ ಅತ್ತೆ ಇರಲಿ ಎಂದು ಬಸಣ್ಣನಿಗೆ ಪಂಥಾಹ್ವಾನ ಕಳಿಸಿದೆ.

ಬಂದರು. ಬಸಣ್ಣ ಗುಂಡಿ ಒತ್ತಿದ. ಗುರ್ರ್... ಪೀಂ! ನಾರ್ಮಲ್. ಈಗ ನನ್ನ ಸರದಿ. ಕೊಳವೆ ಕಿವಿಗೇರಿಸಿ, ಗಾಳಿ ತುಂಬಿ, ಬಿಡತೊಡಗಿದ್ದೇ ತಡ, ಖಟಕ್, ಖಟಕ್!

"ಇನ್ನೂರಾ ಹತ್ತು!" ಎಂದು ಘೋಷಿಸಿದೆ.

"ಇನ್ನೊಮ್ಮೆ ನೋಡ್ರಿ ಅಣ್ಣಾರ" ಎಂದ ಬಸಣ್ಣ.

ಬೇಕಾದರೆ ನೂರು ಸಲ! ಮತ್ತೆ ತುಂಬಿ ಬಿಟ್ಟೆ. ಖಟಕ್, ಖಟಕ್, ಖಟ... ನಿಂತುಹೋಯಿತು. ಸ್ಮಶಾನಮೌನ. ಕೊಳವೆ ಕಿತ್ತು ಎದ್ದು ಕೂಗಿದೆ.

"ನಿಂತೈತಿ! ಅತ್ತಿದು ಎದಿ ನಿಂತೈತಿ! ರಿಕ್ಷಾ ತರ್ರೀ!"

ಅತ್ತೆ ಎಲೆ-ಅಡಿಕೆ ಅಗಿಯುವುದನ್ನು ನಿಲ್ಲಿಸಿ, "ಯಾರದ್ರೀ?" ಎಂದರು.

ಹೆಂಡತಿ ತಲೆಯೆತ್ತಿ ಫ್ಯಾನು ನೋಡಿದಳು. "ಕರೆಂಟ್ ಹೋಗೈತ್ರೀ. ಬಾಜು ಮನಿ ಕಾಕಾರ ಪವರ್‌ಲೂಮ್ ನಿಂತಾವು."

ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದವನಿಗೆ ಆ ಸದ್ದು ಕೇಳಿಸುವುದೇ ಇಲ್ಲ. ಬಡಿತ ಹುಡುಕುತ್ತ ಕಿವಿ ನಿಮಿರಿಸಿ ಕೂತಾಗ ಮಾತ್ರ ಕೇಳಿಸುತ್ತದೆ! ಸ್ಟೆಥಾಸ್ಕೋಪಿನ ಬಿಲ್ಲೆ ತಿರುಗಿಸಿ ನೋಡಿದೆ. ಇಷ್ಟು ದಿನ ಅದರ ಬೆನ್ನನ್ನು ಅತ್ತೆಯ ಕೈಗೆ ಹಚ್ಚಿದ್ದೆ. ಮಗ್ಗಕ್ಕೆ ಕೂರಬಾರದೆಂದು ಓದಿದವನು ಮಗ್ಗದ ನಾಡಿ ಹಿಡಿದು ಕೂತಿದ್ದೆ!

"ಅಂದ್ರ ಮಗ್ಗಕ್ಕ ಬಿ.ಪಿ. ಐತಂತ ನನ್ನ ಉಪ್ಪು ಬಿಡಿಸಿದ್ರ್ಯಾ?" ಎಂದರು ಅತ್ತೆ.

ಬಸಣ್ಣ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಅಣ್ಣಾರ ಮಾರಿ ಕೆಂಪಾಗೈತಿ, ನಿಮ್ಮದೂ ಒಮ್ಮೆ ನೋಡೂಣು" ಎಂದು ನನ್ನ ತೋಳಿಗೇ ಪಟ್ಟಿ ಸುತ್ತಿದ. ಸೆಲ್ಲಿನ ಯಂತ್ರ; ಕರೆಂಟಿನ ಹಂಗಿಲ್ಲ! ಗುರ್ರ್... ಪೀಂ! ಅವನು ಅಂಕಿ ಹೇಳಲಿಲ್ಲ. ನನ್ನ ಹೆಂಡತಿಯ ಕಡೆ ತಿರುಗಿ, "ಅಕ್ಕಾರ, ಇವರ ಅಡಿಗಿಗೆ ಉಪ್ಪು ಕಡಿಮಿ ಮಾಡ್ರಿ" ಎಂದ.

"ಆ ಯಂತ್ರ..." ಎಂದು ಬಾಯಿ ತೆರೆದೆ.

"ಮಗ್ಗ ನಿಂತಾವ್ರೀ" ಎಂದಳು ಹೆಂಡತಿ.

ಅತ್ತೆ ಖಾನಾಪುರಕ್ಕೆ ಹೋದರು. ನಮ್ಮ ಉಪ್ಪಿನಕಾಯಿಯ ಭರಣಿಯೂ ಜೊತೆಗೆ ಹೋಯಿತು. ಈಗ ನಾನೇ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಷಡ್ಡಕನ ಮುಂದೆ ತೋಳು ಚಾಚುತ್ತೇನೆ. ಅತ್ತೆ ಬಾಜು ಕೂತು, ನಮ್ಮದೇ ಭರಣಿಯ ಮಾವಿನ ಹೋಳು ಚೀಪುತ್ತ, "ಈ ಸಲ ಎಷ್ಟ ಬಂತೋ ಬಸಣ್ಣಾ?" ಎನ್ನುತ್ತಾರೆ. ನಾನು ಆಸೆಯಿಂದ ಹೊರಗಿನ ಸದ್ದಿಗೆ ಕಿವಿಗೊಡುತ್ತೇನೆ.

ಆ ಓಣಿಯಲ್ಲಿ ಒಂದೂ ಮಗ್ಗವಿಲ್ಲ!