ದೊಡ್ಡಮ್ಮನನ್ನು ತೆಳ್ಳಗೆ ಮಾಡಿದ್ದು

ಕತ್ತರಿ ಎಂದೇ ಹೆಸರಾದವನು ಕೀಲಿಮಣೆಯ ಮೇಲೆ ಬೆರಳಿಟ್ಟನೆಂದರೆ ಮೂರು ಬೀದಿಗಳ ದೀಪ ಮಂಕಾಗುತ್ತಿತ್ತು. ಒಮ್ಮೆ ಅವನು ಆಕಳಿಸುತ್ತಲೇ ಬರೆದ ಪ್ರೋಗ್ರಾಮನ್ನು ಕಂಡು ಕಂಪ್ಯೂಟರೇ ಗೌರವದಿಂದ ಎದ್ದು ನಿಂತುಬಿಟ್ಟಿತು. ಅದನ್ನು ಸಮಾಧಾನ ಮಾಡಿ ಮತ್ತೆ ಕೂರಿಸಲು ನಾಲ್ಕು ಜನ ಗಟ್ಟಿಗರು ಬೇಕಾದರು. ನಂಬದವರು ಆ ಮೇಜನ್ನು ಹೋಗಿ ನೋಡಬಹುದು, ಅದರ ಒಂದು ಕಾಲು ಇವತ್ತಿಗೂ ಸೊಟ್ಟಗಿದೆ.

ಇಂಥ ಕತ್ತರಿಯ ಕಣ್ಣು ಒಂದು ದಿನ ದೊಡ್ಡಮ್ಮನ ಮೇಲೆ ಬಿತ್ತು.

ದೊಡ್ಡಮ್ಮ ಎಂದರೆ ಹೆಂಗಸಲ್ಲ, ಒಂದು ಕ್ಲಾಸ್. ಪ್ರೋಗ್ರಾಮು ಬರೆಯುವವರು ಒಂದೊಂದು ಕೆಲಸಕ್ಕೆ ಒಂದೊಂದು ಕ್ಲಾಸ್ ಎಂದು ಬೇರೆ ಬೇರೆ ಬರೆದಿಡುತ್ತಾರೆ. ಮನೆಯಲ್ಲಿ ಅಡುಗೆಗೊಂದು ಕೋಣೆ, ಸ್ನಾನಕ್ಕೊಂದು ಕೋಣೆ ಇರುವ ಹಾಗೆ. ದೊಡ್ಡಮ್ಮನಲ್ಲಿ ಮಾತ್ರ ಸ್ನಾನದ ಕೋಣೆಯಲ್ಲೇ ಒಲೆ, ಒಲೆಯ ಪಕ್ಕದಲ್ಲೇ ಹಾಸಿಗೆ, ಹಾಸಿಗೆಯ ಕೆಳಗೆ ಯಾರದೋ ಸೈಕಲ್ಲು. ಊರಿನ ಬಸ್ಸುಗಳೆಲ್ಲ ತಾವೆಲ್ಲಿದ್ದೇವೆಂದು ಕ್ಷಣಕ್ಷಣಕ್ಕೂ ಕಳಿಸುವ ಸುದ್ದಿಯನ್ನು ಬಾಗಿಲಲ್ಲೇ ಇಸಿದುಕೊಳ್ಳುವವಳು ಅವಳು. ಅದರ ಕೊಳೆ ತೊಳೆಯುವವಳು, ಲೆಕ್ಕ ಹಾಕುವವಳು, ಕೊನೆಗೆ ನಿಲ್ದಾಣದ ಬೋರ್ಡುಗಳಲ್ಲಿ 'ಬಸ್ಸು ಇಷ್ಟು ಹೊತ್ತಿಗೆ ಬರುತ್ತದೆ' ಎಂದು ಬಡಿಸುವವಳೂ ಅವಳೇ. ಅವಳ ಸಾಲುಗಳನ್ನು ಬಿಡಿಸಿ ಉದ್ದಕ್ಕೆ ಹಾಸಿದ್ದರೆ ಚಂದ್ರನಿಗೆ ಹೋಗಿ, ಅಲ್ಲಿ ಸ್ವಲ್ಪ ಸುಧಾರಿಸಿಕೊಂಡು, ವಾಪಸ್ ಬರಬಹುದಿತ್ತು.

ಅವಳನ್ನು ಮುಟ್ಟಲು ಕಚೇರಿಯಲ್ಲಿ ಎಲ್ಲರಿಗೂ ನಡುಕ. ಹಿಂದೊಮ್ಮೆ ಅವಳಲ್ಲಿ ಒಂದೇ ಒಂದು ಚುಕ್ಕೆ ತಿದ್ದಿದ ಹಿರಿಯ ಸಹೋದ್ಯೋಗಿಯ ಕೊರಳಿಗೆ ಕಚೇರಿಯ ದೂರಿನ ಫೋನು ಬಿದ್ದಿತ್ತು, ಬಿದ್ದದ್ದು ಅಲ್ಲೇ ಉಳಿದಿತ್ತು. ಎಲ್ಲಿ ಯಾವ ಬೋರ್ಡು ಕೆಟ್ಟರೂ ಆ ಫೋನು ಅರಚುತ್ತಿತ್ತು. ಹಸುವಿನ ಕೊರಳ ಗಂಟೆಯ ಹಾಗೆ ಅದನ್ನು ತೂಗುಹಾಕಿಕೊಂಡೇ ಓಡಾಡುತ್ತಿದ್ದ ಅವರನ್ನು ಎಲ್ಲರೂ ಫೋನಕ್ಕ ಎಂದೇ ಕರೆಯುತ್ತಿದ್ದರು. ಯಾರಿಗೆ ಏನು ಸೇರಿಸಬೇಕಿದ್ದರೂ, "ಅಕ್ಕಾ, ನೀವೇ ಒಂದು ಸಾಲು ಹಾಕಿಬಿಡಿ" ಎಂದು ಅವರ ಕೈಯಿಂದಲೇ ಹಾಕಿಸಿ ಕೈತೊಳೆದುಕೊಳ್ಳುತ್ತಿದ್ದರು.

ಕತ್ತರಿಗೆ ಅವತ್ತು ಬೇಕಿದ್ದದ್ದು ರಜೆ. ಸಂಜೆಯ ರೈಲಿಗೆ ಹೆಂಡತಿ, ಅತ್ತೆ, ತಾನು, ಮೂರು ಟಿಕೇಟು. ಸಮುದ್ರದ ದಂಡೆ, ಒಂದು ವಾರ. ಮದುವೆಯಾದಂದಿನಿಂದ ಹೆಂಡತಿಗೆ ತೋರಿಸುತ್ತೇನೆಂದು ಹೇಳುತ್ತಲೇ ಬಂದಿದ್ದ ಸಮುದ್ರ ಅದು.

"ರಜೆನಾ?" ಎಂದರು ಬಾಸು. "ಬೋರ್ಡುಗಳು ಆಮೆ ಥರ ಓಡ್ತಿವೆ. ಬಸ್ಸು ಹೋದ ಮೇಲೆ ಬಸ್ಸು ಬಂತು ಅಂತಿವೆ. ಈಗ ರಜೆ ಕೇಳ್ತೀಯಲ್ಲ, ಮುಖಕ್ಕೆ ನಾಚಿಕೆ ಬೇಡವಾ?"

ಬಾಯಿ ಮುಚ್ಚಿಕೊಂಡು ಬಂದಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಕತ್ತರಿಯ ಬಾಯಿ ಅವನಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿತ್ತು.

"ಅದೆಲ್ಲಾ ದೊಡ್ಡಮ್ಮನ ಬೊಜ್ಜು ಸಾರ್. ಸಂಜೆಯೊಳಗೆ ಅವಳನ್ನ ಹನ್ನೆರಡು ಪುಟ್ಟ ಕ್ಲಾಸ್ ಮಾಡಿ, ತೆಳ್ಳಗೆ ಕಡ್ಡಿ ಥರ ಕೊಡ್ತೀನಿ. ಆಮೇಲೆ ಹೊರಡ್ತೀನಿ."

ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದೇ ಉದ್ಯೋಗವಾದ ತಪ್ಪಣ್ಣನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಬಾಸು ಗಡ್ಡ ತುರಿಸಿಕೊಂಡರು. "ಬೋರ್ಡುಗಳು ಸರಿಯಾಗಿ ಓಡಿ, ದೊಡ್ಡಮ್ಮನೂ ಇಳಿದರೆ ಹೋಗು. ಇಲ್ಲಾಂದ್ರೆ ಸಮುದ್ರನ ಕ್ಯಾಲೆಂಡರ್‌ನಲ್ಲಿ ನೋಡ್ಕೋ."

"ಮುಟ್ಟಪ್ಪ, ಮುಟ್ಟು!" ಎಂದು ಫೋನಕ್ಕ ಒಬ್ಬರೇ ಚಪ್ಪಾಳೆ ತಟ್ಟಿದರು. "ಇಂಥ ಧೈರ್ಯವಂತನ ದಾರಿ ಕಾದು ಕಾದು ನನ್ನ ಕೂದಲು ನೆರೆತಿದೆ. ನಿನ್ನ ಬಾಯಿಗೆ ಸಕ್ಕರೆ ಹಾಕ!"

ಎಂಥ ಒಳ್ಳೆಯ ಮನಸ್ಸು ಎಂದುಕೊಂಡು ಕತ್ತರಿ ಅಂಗಿಯ ತೋಳು ಮಡಚಿದ.

(ಒಂದು ನಿಮಿಷ, ಇಲ್ಲೇನೋ ಗುಯ್ಯೆಂದಿತು. ಸೊಳ್ಳೆ ಇರಬೇಕು. ಮುಂದೆ ಕೇಳಿ.)

ಮಧ್ಯಾಹ್ನದ ಹೊತ್ತಿಗೆ ದೊಡ್ಡಮ್ಮ ಹನ್ನೆರಡು ಪಾಲಾದಳು. ಸುದ್ದಿ ಇಸಿದುಕೊಳ್ಳುವುದು ಒಬ್ಬಳು, ತೊಳೆಯುವುದು ಇನ್ನೊಬ್ಬಳು, ಎಣಿಸುವುದು ಮತ್ತೊಬ್ಬಳು. ಯಾಕಿದೆಯೆಂದು ತಿಳಿಯದ ಸಾಲುಗಳನ್ನೆಲ್ಲ ಕತ್ತರಿ ಹುಳುಕು ಹಲ್ಲಿನಂತೆ ಕಿತ್ತೆಸೆದ. ಪರೀಕ್ಷೆಗೆಂದು ಬೇರೆ ಬಸ್ಸು, ಬೇರೆ ಬೋರ್ಡು ಆ ಕಚೇರಿಯಲ್ಲಿರಲಿಲ್ಲ. ಏನೇ ಬದಲಿಸಿದರೂ ನೆಟ್ಟಗೆ ಬೀದಿಗೇ ಹೋಗುತ್ತಿತ್ತು. ಕತ್ತರಿ 'ಓಡಿಸು' ಎಂಬ ಗುಂಡಿ ಒತ್ತಿದ. ಬೋರ್ಡುಗಳು ಜಿಂಕೆಯ ಹಾಗೆ ಓಡಿದವು. "ನೋಡಿದ್ರಾ?" ಎಂದು ಅವನು ಕುರ್ಚಿಯಲ್ಲಿ ಒಂದು ಸುತ್ತು ತಿರುಗಿದ. ಸುತ್ತು ಮುಗಿಯುವುದರೊಳಗೆ ಫೋನಕ್ಕನ ಫೋನು ಅರಚಿತು.

"ನಾನು ಏಳನೇ ನಂಬರ್ ಬಸ್ಸಿನ ಡ್ರೈವರು," ಎಂದಿತು ಅತ್ತಲಿನ ದನಿ. "ನನ್ನ ಬಸ್ಸು ಕೆರೆ ಮಧ್ಯ ಇದೆ ಅಂತ ಬೋರ್ಡಲ್ಲಿ ಬರ್ತಿದೆಯಂತೆ. ಮನೆಯವಳು ದಂಡೆ ಮೇಲೆ ನಿಂತು ಅಳ್ತಿದಾಳೆ ಸ್ವಾಮಿ. ನಾನಿಲ್ಲಿ ಮಾರುಕಟ್ಟೆಲಿ ಬಾಳೆಹಣ್ಣು ತಿಂತಿದೀನಿ!"

ಆ ಡ್ರೈವರು ತನ್ನ ಊಟದ ಸ್ಟೀಲ್ ಡಬ್ಬಿಯನ್ನು ಬಸ್ಸಿನ ಜಾಗ ತಿಳಿಸುವ ಯಂತ್ರಕ್ಕೇ ನೇತುಹಾಕುತ್ತಿದ್ದ. ಯಂತ್ರ ದಾರಿ ತಪ್ಪಿ ಕೆರೆ ಎನ್ನುತ್ತಿತ್ತು. 'ಏಳನೇ ನಂಬರ್ ಕೆರೆಯಲ್ಲಿದ್ದರೆ ಮಾರುಕಟ್ಟೆ ಎಂದು ತಿಳಿಯುವುದು' ಎಂಬ ಸಾಲು ದೊಡ್ಡಮ್ಮನ ಹೊಟ್ಟೆಯಲ್ಲಿತ್ತು.

"ಡಬ್ಬಿ ಬೇರೆ ಕಡೆ ಇಡಿ ಅನ್ನಬಾರದಾ?" ಎಂದ ಕತ್ತರಿ.

"ಹೇಳಿ ನೋಡಿದೀವಿ," ಎಂದ ತಪ್ಪಣ್ಣ. "ಯಂತ್ರ ಬಿಸಿ ಇರುತ್ತಂತೆ, ಊಟ ತಣ್ಣಗಾಗಲ್ವಂತೆ. ಹಾಕಪ್ಪಾ ವಾಪಸ್ಸು."

ಹಾಕಿದ. ಮರುಕ್ಷಣವೇ ಅವನ ಸ್ವಂತ ಫೋನು ಕುಣಿಯಿತು. ಹೆಂಡತಿ.

"ರೀ, ಅಮ್ಮಂಗೆ ಟೋಪಿ ತರೋಣ ಅಂತ ನಿಲ್ದಾಣಕ್ಕೆ ಬಂದ್ರೆ ಬೋರ್ಡಲ್ಲಿ 'ನಿಮ್ಮ ಬಸ್ಸು ನಿನ್ನೆ ಬರುತ್ತದೆ' ಅಂತಿದೆ. ನಾವು ಕಾಯೋದಾ, ಬಂದು ಹೋಯ್ತಾ?"

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಅಳಿಯಂದ್ರ ಕೆಲಸಾನಾ ಇದು? ಹಾಗಾದ್ರೆ ನಡ್ಕೊಂಡೇ ಹೋಗೋಣ ಬಾ."

ಊರಾಚೆಯ ಡಿಪೋದ ಗಡಿಯಾರ ಒಂದು ದಿನ ಹಿಂದಿತ್ತು. ಸರಿ ಮಾಡುವ ಕೀಲಿ ಕಳೆದುಹೋಗಿ ಎಷ್ಟೋ ವರ್ಷವಾಗಿತ್ತು. 'ಆ ಡಿಪೋ ಹೇಳಿದ್ದಕ್ಕೆ ಒಂದು ದಿನ ಸೇರಿಸುವುದು' ಎಂಬ ಸಾಲೂ ವಾಪಸ್ ಬಂತು. ಆದರೆ ದಿನ ಸೇರಿಸುವವಳಿಗೆ ಬಸ್ಸು ಎಲ್ಲಿದೆಯೆಂದು ಗೊತ್ತಿರಬೇಕು, ಬಸ್ಸು ಗೊತ್ತಿರುವವಳಿಗೆ ಡಬ್ಬಿಯ ವಿಷಯ ಗೊತ್ತಿರಬೇಕು. ಹನ್ನೆರಡು ಜನ ಪುಟ್ಟ ತಂಗಿಯರು ಒಬ್ಬರ ಬಾಗಿಲನ್ನೊಬ್ಬರು ತಟ್ಟಿ ತಟ್ಟಿ, ಬೋರ್ಡು ಮತ್ತೆ ಆಮೆಯಾಯಿತು. ಬೇರೆ ದಾರಿ ಕಾಣದೆ ಕತ್ತರಿ ಇಬ್ಬರನ್ನು ಒಂದೇ ಸೂರಿನಡಿ ತಂದ. ಆಮೇಲೆ ನಾಲ್ವರನ್ನು.

ಆಗ ಬಾಸು ಕೋಣೆಯಿಂದ ಹೊರಗೆ ಹಾರಿದರು. ಹಾರಿದ್ದು ಎಷ್ಟು ಎತ್ತರ ಎಂದರೆ ಬರುವಾಗ ಮಾಡಿನ ಫ್ಯಾನನ್ನು ಒಮ್ಮೆ ತಿರುಗಿಸಿ ಬಂದರು.

"ನಮ್ಮಮ್ಮಂಗೆ ಬಸ್ಸು ತಪ್ಪಿದೆ ಕಣಯ್ಯಾ! ಅವರು ಬೋರ್ಡಲ್ಲಿ 'ಬಂತು' ಅಂತ ನೋಡಿದ ಮೇಲೇನೇ ಬೆಂಚಿಂದ ಏಳೋದು. ಏಳಕ್ಕೆ ಹೊತ್ತು ಬೇಕು. ಅದಕ್ಕೇಂತ ಆ ಒಂದು ನಿಲ್ದಾಣಕ್ಕೆ ಮಾತ್ರ ಬಸ್ಸನ್ನ ಸ್ವಲ್ಪ ಮುಂಚೆ ತೋರಿಸ್ತಿದ್ವಿ. ಆ ಸಾಲು ಎಲ್ಲಿ?"

"ಅದು... ಬೊಜ್ಜು ಅಂದ್ಕೊಂಡೆ ಸಾರ್."

"ನಮ್ಮಮ್ಮ ಬೊಜ್ಜಾ?"

ಆ ಸಾಲೂ ಬಂತು. ಅದರ ಜೊತೆಗೆ ಉಳಿದ ತಂಗಿಯರೂ ಗಂಟುಮೂಟೆ ಕಟ್ಟಿಕೊಂಡು ತವರಿಗೆ ಬಂದರು. ಕಿತ್ತ ಒಂದೊಂದು ಸಾಲಿಗೂ ಒಬ್ಬೊಬ್ಬ ವಾರಸುದಾರ ಮೇಜಿನ ಮುಂದೆ ನಿಂತಿದ್ದ. ಫೋನಕ್ಕ ಮಾತ್ರ ಏನೂ ಕೇಳಲಿಲ್ಲ. ಕತ್ತರಿಗೆ ಕಾಫಿ ತಂದಿಟ್ಟು, ಬೆನ್ನು ತಟ್ಟಿ, "ಎಲ್ಲಾ ಆದ ಮೇಲೆ ಉಳಿಸು ಅನ್ನೋ ಗುಂಡಿ ಒತ್ತೋದು ಮರೀಬೇಡ ಮರೀ" ಎಂದಷ್ಟೇ ಹೇಳಿದರು.

(ಮತ್ತೆ ಅದೇ ಸೊಳ್ಳೆ. ಬಿಡಿ.)

ಸಂಜೆ ಬಿಸಿಲು ಕಿಟಕಿಗೆ ಬರುವಾಗ ಬೋರ್ಡುಗಳೆಲ್ಲ ಸರಿಯಾಗಿದ್ದವು. ಅಂದರೆ ಬೆಳಿಗ್ಗೆಯಷ್ಟೇ ಕೆಟ್ಟದಾಗಿದ್ದವು. ಕತ್ತರಿ ಗುಂಡಿ ಒತ್ತಿ ಉಳಿಸಿದ. ಬಾಸು ಬೆಳಗಿನ ದೊಡ್ಡಮ್ಮನನ್ನು ಪರದೆಯ ಎಡಕ್ಕೂ ಸಂಜೆಯವಳನ್ನು ಬಲಕ್ಕೂ ಇಟ್ಟು ತಾಳೆ ನೋಡಿದರು. ವ್ಯತ್ಯಾಸವಿದ್ದಲ್ಲಿ ಕೆಂಪು ಬಣ್ಣ ತೋರಿಸುವ ಪರದೆ ಅದು. ಚಂದ್ರನವರೆಗೆ ಹೋದರು, ಸುಧಾರಿಸಿಕೊಂಡರು, ವಾಪಸ್ ಬರುವಾಗ ಒಂದೇ ಒಂದು ಕಡೆ ಕೆಂಪು ಕಂಡಿತು.

"ಇದೇನು?"

ಎಲ್ಲರೂ ಬಗ್ಗಿದರು. ಒಂದು ಖಾಲಿ ಸಾಲು ಹೋಗಿತ್ತು. ಅಕ್ಷರವಿಲ್ಲ, ಚುಕ್ಕೆಯಿಲ್ಲ, ಬರೀ ಖಾಲಿ.

"ಹಗುರ ಮಾಡಿದೀನಿ ಸಾರ್," ಎಂದ ಕತ್ತರಿ, ದನಿ ಬೆಕ್ಕಿನ ಮರಿಯದಾಗಿತ್ತು.

ತಪ್ಪಣ್ಣ ಪರದೆಯ ನೆತ್ತಿಗೆ ಬೆರಳಿಟ್ಟ. ಕೊನೆಯದಾಗಿ ಮುಟ್ಟಿದವರು ಯಾರು ಎಂಬಲ್ಲಿ ಇಷ್ಟು ಕಾಲ ಫೋನಕ್ಕನ ಹೆಸರಿತ್ತು. ಈಗ ಕತ್ತರಿಯದಿತ್ತು. ಅಲ್ಲಿ ಹೆಸರು ಯಾರದೋ, ಫೋನೂ ಅವರದೇ.

ಫೋನಕ್ಕ ಕೊರಳಿನಿಂದ ಫೋನು ತೆಗೆದರು. ಮದುವೆಯ ಹಾರ ಹಾಕುವಷ್ಟು ಪ್ರೀತಿಯಿಂದ ಕತ್ತರಿಯ ಕೊರಳಿಗೆ ಹಾಕಿದರು. ಹೆಗಲು ಕುಣಿಸಿ, ಕತ್ತು ಎಡಕ್ಕೆ ಬಲಕ್ಕೆ ತಿರುಗಿಸಿ, "ಅಬ್ಬಾ, ಆ ಗೋಡೆಗೂ ಒಂದು ಕಿಟಕಿ ಇದೆಯಾ?" ಎಂದರು.

ಅಷ್ಟರಲ್ಲಿ ಚೀಲಗಳ ಸಮೇತ ಹೆಂಡತಿ, ಟೋಪಿಯ ಸಮೇತ ಅತ್ತೆ ಬಾಗಿಲಲ್ಲಿ ಬಂದು ನಿಂತರು. ವಿಷಯ ತಿಳಿದು ಹೆಂಡತಿಯ ಮುಖ ಬಾಡಿತು. ಅತ್ತೆ ಅಳಿಯನ ಕೊರಳನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿದರು.

"ಅಳಿಯಂದ್ರೇ, ಬೇಜಾರು ಮಾಡ್ಕೋಬೇಡಿ. ಆದ್ರೆ ಕಿಟಕಿ ಪಕ್ಕದ ಸೀಟು ಖಾಲಿ ಹೋಗಬಾರದು." ಫೋನಕ್ಕನ ಕಡೆ ತಿರುಗಿದರು. "ನೀವು ಸಮುದ್ರ ನೋಡಿದೀರೇನಮ್ಮಾ?"

"ಇಲ್ಲ ಅಮ್ಮಾ," ಎಂದ ಫೋನಕ್ಕ ಆಗಲೇ ಕೈಚೀಲ ಹೆಗಲಿಗೇರಿಸಿದ್ದರು.

ಹೆಂಡತಿಗೆ ನಗು ತಡೆಯಲಾಗಲಿಲ್ಲ. "ನಿಮಗೆ ಒಂದು ಶಂಖ ತರ್ತೀನಿ ರೀ," ಎಂದು ಹೊರಟೇಬಿಟ್ಟಳು. ಮೂವರೂ ಕಿಲಕಿಲ ನಗುತ್ತಾ ಮೆಟ್ಟಿಲಿಳಿದು ಹೋದದ್ದು ಕೆಳಗಿನ ಬೀದಿಯವರೆಗೂ ಕೇಳಿಸಿತು.

ಆದರೆ ಕತ್ತರಿ ಎದೆಗುಂದುವ ಗಂಡಸೇ? ಆ ಖಾಲಿ ಸಾಲನ್ನು ತೆಗೆದದ್ದೇ ತಡ, ದೊಡ್ಡಮ್ಮ ಗಾಳಿಪಟದ ಹಾಗೆ ಹಗುರಾಗಿ, ಇಡೀ ಊರಿನ ಬಸ್ಸುಗಳು ನೆಲದಿಂದ ಒಂದು ಗೇಣು ಮೇಲೆದ್ದು...

ಸರಿ. ಅದು ಸೊಳ್ಳೆಯಲ್ಲ. ಸೊಳ್ಳೆ ಇಷ್ಟು ಜೋರಾಗಿ ಅರಚುವುದಿಲ್ಲ ಎಂದು ನಿಮಗೂ ಗೊತ್ತು, ಮತ್ತು ಆಗಿನಿಂದ ನೀವು ನೋಡುತ್ತಿರುವುದು ನನ್ನ ಮುಖವನ್ನಲ್ಲ, ನನ್ನ ಕೊರಳನ್ನು. ಕತ್ತರಿ ನಾನೇ. ಯಾವ ಬೀದಿಯ ದೀಪವೂ ಮಂಕಾಗಿಲ್ಲ. ಮೇಜಿನ ಕಾಲು ಸೊಟ್ಟಗಾದದ್ದು ನಾನು ಅದರ ಮೇಲೆ ಕೂತು ಹರಟೆ ಹೊಡೆದದ್ದಕ್ಕೆ. ಶಂಖ ಮಾತ್ರ ನಿಜ, ಅಲ್ಲಿ ಕಿಟಕಿಯಲ್ಲಿದೆ ನೋಡಿ.

ಇರಿ, ಇದನ್ನು ಎತ್ತದಿದ್ದರೆ ನಿಲ್ಲುವುದಿಲ್ಲ.

"ಹಲೋ?"

"ಕತ್ತರೀ, ನಾನು ಕಣೋ, ತಪ್ಪಣ್ಣ. ಅವತ್ತಿಂದ ದೊಡ್ಡಮ್ಮ ನನ್ನ ಪರೀಕ್ಷೆ ಒಂದರಲ್ಲೂ ಪಾಸಾಗ್ತಿಲ್ಲ. ಅದು ಮೇಲಿಂದ ಸಾಲು ಎಣಿಸ್ಕೊಂಡು ಹೋಗಿ ನೋಡೋದು, ಈಗ ಎಲ್ಲಾ ಒಂದೊಂದು ಸಾಲು ಮೇಲಕ್ಕೆ ಜರುಗಿಬಿಟ್ಟಿದೆ. ಬೇರೇನೂ ಬೇಡ ಮಾರಾಯ, ಆ ಖಾಲಿ ಸಾಲನ್ನ ಇದ್ದಲ್ಲೇ ವಾಪಸ್ ಹಾಕಿಬಿಡು."