ಆಕೆಯನ್ನೇ ಕೇಳಿ

ಕಿವಿ ಕೇಳದ ಗಿರಾಕಿ ಎಂದು ಗೊತ್ತಾದ ಕೂಡಲೇ ಹೈದರಾಬಾದಿನ ಅಂಗಡಿಯವರ ಕಣ್ಣು ಪಕ್ಕದಲ್ಲಿ ಯಾರಿದ್ದಾರೆ ಎಂದು ಹುಡುಕುತ್ತದೆ. ಇಪ್ಪತ್ತೆರಡು ವರ್ಷ ಆ ಪಕ್ಕದಲ್ಲಿ ನಿಂತವನು ನಾನು. ಉಪ್ಪಲ್‌ನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನನ್ನ ಹೆಂಡತಿಗೆ ಎರಡು ವರ್ಷವಿದ್ದಾಗ ಜ್ವರ ಬಂದು ಕಿವಿ ಹೋಗಿತ್ತು. ರವಿಕೆ ಹೊಲಿಯುತ್ತಿದ್ದಳು. ಕನ್ನಡ, ಹಿಂದಿ ಎರಡನ್ನೂ ನನಗಿಂತ ದುಂಡಗೆ ಬರೆಯುತ್ತಿದ್ದಳು.

ಆಕೆ ತೀರಿಕೊಂಡು ಹನ್ನೊಂದು ತಿಂಗಳಾಯಿತು. ಮಾತಾಡಿಸಲು ಬಂದವರು ಆಕೆಯ ಇಂಥ ಪ್ರಸಂಗಗಳನ್ನು ನೆನೆಸಿಕೊಂಡು ನಗುತ್ತಾರೆ, ಅದೂ ತಪ್ಪುತಪ್ಪಾಗಿ ಹೇಳಿಕೊಂಡು. ನನಗೆ ನಗುವಿಗಿಂತ ಮೊದಲು ಸಿಟ್ಟು ಬರುತ್ತದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತಿದ್ದೇನೆ.

ಇಡ್ಲಿ

ಮೊದಲ ತಪ್ಪು ನನ್ನದೇ. ಮದುವೆಯಾಗಿ ಒಂದು ವಾರವಾಗಿತ್ತು. ಕೈಭಾಷೆ ನನಗಿನ್ನೂ ಬರುತ್ತಿರಲಿಲ್ಲ. ಉಪ್ಪಲ್‌ನ ಒಂದು ಟಿಫಿನ್ ಸೆಂಟರಿಗೆ ಹೋದೆವು. ಅಮ್ಮನವರಿಗೆ ಏನು ಬೇಕು ಎಂದು ಮಾಣಿ ನನ್ನನ್ನು ಕೇಳಿದ. ನಾನು ಬಹಳ ತಿಳಿದವನಂತೆ ಇಡ್ಲಿ ಎಂದೆ.

ಇಡ್ಲಿ ಬಂತು. ಆಕೆ ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು, ಎದ್ದು ಅಡುಗೆಮನೆಯ ಕಿಂಡಿಯವರೆಗೆ ನಡೆದು, ಕಾವಲಿಯ ಮೇಲಿದ್ದ ದೋಸೆಯನ್ನು ಬೆರಳಿನಿಂದ ತೋರಿಸಿ, ಅದನ್ನೇ ಹಿಡಿದುಕೊಂಡು ಬಂದಳು. ಅದು ಇನ್ನೊಂದು ಮೇಜಿನವರ ದೋಸೆ. ಅವರು ಕೇಳುವ ಧೈರ್ಯ ಮಾಡಲಿಲ್ಲ. ನಂತರ ಇಡ್ಲಿಯ ತಟ್ಟೆಯನ್ನು ನನ್ನ ಕಡೆ ತಳ್ಳಿ, ಕೈಚೀಲದಿಂದ ಪುಟ್ಟ ನೋಟ್‌ಬುಕ್ ತೆಗೆದು ಬರೆದಳು:

"ನನಗ ಏನು ಬೇಕು ಅನ್ನೋದು ನನ್ನ ಕೇಳ್ರಿ. ಆಮ್ಯಾಲ ಹೇಳ್ರಿ."

ಅಂದಿನಿಂದ ಅದು ನಮ್ಮ ಮನೆಯ ನಿಯಮವಾಯಿತು. ಆಕೆಯನ್ನು ಕೇಳದೆ ಆಕೆಯ ಪರವಾಗಿ ನಾನು ಉತ್ತರ ಕೊಡುವಂತಿಲ್ಲ. ಅದನ್ನು ಪಾಲಿಸಲು ನಾನು ಕೈಭಾಷೆ ಕಲಿತೆ. ಇಡ್ಲಿ ತಿನ್ನುವುದನ್ನೂ ಕಲಿಯಬೇಕಾಯಿತು, ಏಕೆಂದರೆ ನನಗೂ ಇಡ್ಲಿ ಸೇರುತ್ತಿರಲಿಲ್ಲ.

ಲೈನಿಂಗ್ ಬಟ್ಟೆ

ಲೈನಿಂಗ್ ಬಟ್ಟೆಗೆ ಆಕೆ ದಿಲ್‌ಸುಖ್‌ನಗರಕ್ಕೇ ಹೋಗಬೇಕು. ಒಂದು ಅಂಗಡಿಯಲ್ಲಿ ಮಾದರಿಯ ತುಂಡನ್ನು ಮಾಲೀಕನ ಮುಂದಿಟ್ಟು, ಎರಡು ಬೆರಳು ತೋರಿಸಿದಳು. ಎರಡು ಮೀಟರ್ ಎಂದು ಎದುರು ಮನೆಯ ಮಗುವಿಗೂ ತಿಳಿಯುತ್ತಿತ್ತು. ಮಾಲೀಕ ನನ್ನ ಕಡೆ ತಿರುಗಿ, ಮೇಡಂಗೆ ಯಾವ ಬಣ್ಣ ಬೇಕಂತೆ ಎಂದ. ಅವರನ್ನೇ ಕೇಳಿ ಎಂದೆ. ಕಾಟನ್ ಬೇಕಂತೋ, ಪಾಲಿಯೆಸ್ಟರೋ ಎಂದ. ಅವರನ್ನೇ ಕೇಳಿ ಎಂದೆ. ಆತ ನನ್ನನ್ನು ಒರಟ ಗಂಡ ಎಂದುಕೊಂಡಿರಬೇಕು. ಕನಿಕರದಿಂದ ಟೀ ತರಿಸಿ, ಮೆಲ್ಲಗೆ ನನ್ನನ್ನೇ ಕೇಳಿದ, ಮೇಡಂ ಟೀ ಕುಡಿಯುತ್ತಾರಾ ಎಂದು.

ನನ್ನ ಕಿವಿ ಬಿಸಿಯಾಯಿತು. ಬಾಯಿ ತೆರೆಯುವಷ್ಟರಲ್ಲಿ ಆಕೆ ನನ್ನ ತೋಳು ಹಿಡಿದು ತಡೆದಳು. ಆತನ ತುಟಿ ಓದಿದ್ದಳು. ಗಲ್ಲಾದಲ್ಲಿ ಮಾಲೀಕನ ಹೆಂಡತಿ ಕುಳಿತಿದ್ದರು. ನನ್ನ ಹೆಂಡತಿ ನೋಟ್‌ಬುಕ್ಕಿನ ಹಾಳೆಯಲ್ಲಿ ಹಿಂದಿಯಲ್ಲಿ ಒಂದು ಸಾಲು ಬರೆದು, ಮಾಲೀಕನನ್ನು ತೋರಿಸಿ, ಅದನ್ನು ಅವರ ಮುಂದಿಟ್ಟಳು:

"ಇವರು ಟೀ ಕುಡಿಯುತ್ತಾರಾ?"

ಆ ಹೆಣ್ಣುಮಗಳು ನಕ್ಕ ನಗುವಿಗೆ ಬೀದಿಯ ಜನ ಇಣುಕಿ ನೋಡಿದರು. ಆಮೇಲೆ ಬಟ್ಟೆ ಅಳೆದು ಕೊಟ್ಟವರು ಅವರೇ. ಮಾಲೀಕನಿಗೆ ಟೀ ಕೊಡಲಿಲ್ಲ.

ಹಾಜರಿ

ಕಿವುಡುತನದ ಸರ್ಟಿಫಿಕೇಟಿಗಾಗಿ ಒಂದು ದೊಡ್ಡ ಆಸ್ಪತ್ರೆಗೆ ಹೋಗಿದ್ದೆವು. ಅದು ಕಿವಿ ಪರೀಕ್ಷೆಗೆಂದೇ ಇಟ್ಟ ದಿನ. ಹಾಲ್‌ನಲ್ಲಿ ಹತ್ತೊಂಬತ್ತು ಜನ ಕುಳಿತಿದ್ದರು, ನಾನು ಎಣಿಸಿದ್ದೇನೆ. ಬಾಗಿಲ ಬಳಿ ಅಟೆಂಡರ್ ನಿಂತು ಬಾಯಿಯಲ್ಲಿ ಹೆಸರು ಕೂಗುತ್ತಿದ್ದ. ಮೂರು ಸಲ ಕೂಗುವನು, ಯಾರೂ ಏಳುತ್ತಿರಲಿಲ್ಲ, ಗೈರುಹಾಜರಿ ಎಂದು ಗುರುತು ಹಾಕುವನು. ಹೀಗೆ ಆರು ಜನ ಗೈರುಹಾಜರಾದರು. ಆರೂ ಜನ ಅವನ ಮೂಗಿನ ಕೆಳಗೇ ಕುಳಿತಿದ್ದರು.

ನಾನು ಎದ್ದುಹೋಗಿ, ಇವರು ಯಾಕೆ ಬಂದಿದ್ದಾರೆಂದು ಗೊತ್ತೇನಪ್ಪ ಎಂದೆ. ಗೊತ್ತು ಸಾರ್, ಕಿವಿ ಟೆಸ್ಟಿಗೆ ಎಂದ. ಹಾಗಾದರೆ ಬೋರ್ಡಿನ ಮೇಲೆ ಹೆಸರು ಬರೆ ಎಂದೆ. ಬರೆಯುವುದು ನನ್ನ ಡ್ಯೂಟಿ ಅಲ್ಲ ಸಾರ್, ಕೂಗುವುದು ನನ್ನ ಡ್ಯೂಟಿ ಎಂದ. ಇಪ್ಪತ್ತೈದು ವರ್ಷದ ನೌಕರಿಯಲ್ಲಿ ನಾನು ಮಕ್ಕಳ ಮೇಲೆ ಕೈ ಎತ್ತಿದವನಲ್ಲ. ಅಂದು ಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಕಾಯಿತು.

ನನ್ನ ಹೆಂಡತಿಯ ಹೆಸರು ಕೂಗಿದಾಗ ನಾನು ಆಕೆಯ ಭುಜ ಮುಟ್ಟಿದೆ, ಆಕೆ ಎದ್ದು ನಡೆದಳು. ಅಟೆಂಡರ್ ಸಂತೋಷದಿಂದ ಆಕೆಯನ್ನು ಡಾಕ್ಟರ ಮುಂದೆ ನಿಲ್ಲಿಸಿ ವರದಿ ಕೊಟ್ಟ:

"ಕರೆದ ಕೂಡಲೇ ಬಂದದ್ದು ಇವರೊಬ್ಬರೇ ಸಾರ್. ಇವರಿಗೆ ಕಿವಿ ಚೆನ್ನಾಗಿ ಕೇಳಿಸುತ್ತೆ."

ಫೋನ್ ನಂಬರು

ಇದು ಹೋದ ತಿಂಗಳಿನದು. ಆಕೆಯ ಫೋನ್ ನಂಬರು ಆಕೆಯ ಹೆಸರಿನಲ್ಲೇ ಇದೆ. ಆಕೆಯ ಗೆಳತಿಯರು ಅದಕ್ಕೆ ಈಗಲೂ ಕೈಭಾಷೆಯ ವಿಡಿಯೊ ಕಳಿಸುತ್ತಾರೆ. ಆಕೆ ಇಲ್ಲವೆಂದು ಅವರಿಗೆ ಗೊತ್ತಿದೆ, ಆದರೂ ಕಳಿಸುತ್ತಾರೆ. ನಂಬರು ನಿಂತುಹೋದರೆ ಕಂಪನಿ ಅದನ್ನು ಬೇರೆಯವರಿಗೆ ಕೊಡುತ್ತದೆಯಂತೆ. ಅದನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಕಂಪನಿಯ ಗಚ್ಚಿಬೌಲಿ ಆಫೀಸಿಗೆ ಹೋದೆ. ಮನೆಯ ಹತ್ತಿರದ ಕೌಂಟರಿಗೆ ಹೋಗಿ ಎಂದರು. ಹತ್ತಿರದ ಕೌಂಟರಿನಲ್ಲಿ ಗಚ್ಚಿಬೌಲಿಗೆ ಹೋಗಿ ಎಂದರು. ಎರಡನೇ ಸಲವೂ ಗಚ್ಚಿಬೌಲಿಗೆ ಹೋಗಿ ಎಂದಾಗ ನಾನು ಅಲ್ಲೇ ಕುರ್ಚಿ ಎಳೆದು ಕುಳಿತುಬಿಟ್ಟೆ.

ಕೌಂಟರಿನ ಹುಡುಗಿ ಒಳ್ಳೆಯವಳು. ಮರಣಪತ್ರವನ್ನು ಪೂರ್ತಿ ಓದಿದಳು, ನಿಜವಾಗಿ ಮರುಗಿದಳು. ಆದರೂ ಕಸ್ಟಮರ್ ಬಾಯಿಂದಲೇ ಒಪ್ಪಿಗೆ ಬರಬೇಕು ಸಾರ್, ಸಿಸ್ಟಂ ಹಾಗಿದೆ ಎಂದಳು. ನಾನು ಹಲ್ಲು ಕಚ್ಚಿಕೊಂಡು, ಬದುಕಿದ್ದಾಗಲೂ ಆಕೆ ಫೋನಿನಲ್ಲಿ ಮಾತಾಡಿದವಳಲ್ಲಮ್ಮ, ಆಕೆಗೆ ಕಿವಿ ಕೇಳುತ್ತಿರಲಿಲ್ಲ ಎಂದೆ.

ಹುಡುಗಿಯ ಮುಖ ಅರಳಿತು. "ಅಯ್ಯೋ, ಮೊದಲೇ ಹೇಳಬಾರದಾ ಸಾರ್? ಕಿವಿ ಕೇಳದವರ ಪರವಾಗಿ ಮನೆಯವರು ಮಾತಾಡಬಹುದು. ಅದಕ್ಕೆ ರೂಲ್ ಇದೆ."

ಸತ್ತವರಿಗೆ ರೂಲ್ ಇಲ್ಲ, ಕಿವುಡರಿಗೆ ಇದೆ. ಹುಡುಗಿ ಯಾವುದೋ ಗುಂಡಿ ಒತ್ತಿ, ಮೇಲಿನ ಅಧಿಕಾರಿಗೆ ಫೋನ್ ಹಚ್ಚಿ, ಕಸ್ಟಮರಿಗೆ ಕಿವಿ ಕೇಳುವುದಿಲ್ಲ, ಗಂಡ ಮಾತಾಡುತ್ತಾರೆ ಎಂದಷ್ಟೇ ಹೇಳಿ ನನ್ನ ಕೈಗೆ ಕೊಟ್ಟಳು. ಅವನು ಬಹಳ ಮರ್ಯಾದೆಯವನು. ನನ್ನ ಹೆಸರು ಕೇಳಿದ, ವಿಳಾಸ ಕೇಳಿದ. ಆಮೇಲೆ, ನಂಬರು ನಿಮ್ಮ ಹೆಸರಿಗೆ ಮಾಡಲು ಮೇಡಂ ಒಪ್ಪಿದ್ದಾರಾ ಎಂದ.

ಹೌದು ಎನ್ನಬೇಕಿತ್ತು, ಅಷ್ಟೆ. ಆದರೆ ಆ ಇಡ್ಲಿಯ ದಿನದಿಂದ ಆಕೆಯನ್ನು ಕೇಳದೆ ನಾನು ಉತ್ತರ ಕೊಟ್ಟವನಲ್ಲ. ಕೇಳಲು ಕೈ ತಾನಾಗಿ ಮೇಲಕ್ಕೆದ್ದಿತ್ತು, ನಾನು ಎಡಕ್ಕೆ ತಿರುಗಿದ್ದೆ. ಎಡಗಡೆ ಖಾಲಿ ಕುರ್ಚಿ ಇತ್ತು.

ನಾನು ಸುಮ್ಮನಾದದ್ದನ್ನು ಅಧಿಕಾರಿ ತನಗೆ ತೋಚಿದಂತೆ ತಿಳಿದುಕೊಂಡ.

"ಅವಸರ ಇಲ್ಲ ಸಾರ್. ನೀವು ಹೇಳುವುದು ಬೇಡ, ಮೇಡಂ ಅವರನ್ನೇ ಒಂದು ಸಲ ಕೇಳಿ. ನಾವು ಕಾಯುತ್ತೇವೆ."

ಫೋನಿನಲ್ಲಿ ಸಂಗೀತ ಶುರುವಾಯಿತು. ಇಷ್ಟು ವರ್ಷದಲ್ಲಿ ಇಡೀ ಹೈದರಾಬಾದಿನಲ್ಲಿ ನನಗೆ ಆಕೆಯನ್ನೇ ಕೇಳಿ ಎಂದವನು ಅವನೊಬ್ಬನೇ.