ಉಡಿಯಕ್ಕಿ ಮತ್ತು ನಾಲ್ಕು ಶಾಕಪ್ಪುಗಳು

ಒಂದು ವಸ್ತು ಸರಿಯಾಗಿ ನಡೆಯುತ್ತಿದ್ದರೆ ಕೆಲವರಿಗೆ ಸಮಾಧಾನ. ನನಗೆ ಅನುಮಾನ. ಸದ್ದಿಲ್ಲದೆ ತಿರುಗುವ ಫ್ಯಾನನ್ನು ಬಿಚ್ಚಿ, ಸದ್ದು ಬರುವಂತೆ ಜೋಡಿಸಿ, ಆಮೇಲೆ ಈ ಸದ್ದು ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳುವ ಪೈಕಿ ನಾನು. ಇದಕ್ಕೆ ನನ್ನೊಬ್ಬನನ್ನೇ ದೂರಿದರೆ ಅನ್ಯಾಯವಾದೀತು. ನಾನು ಬನಹಟ್ಟಿಯ ನೇಕಾರರ ಓಣಿಯವನು. ಪವರ್‌ಲೂಮ್ ಎಂಬ ಯಂತ್ರ ಬೆಳಿಗ್ಗೆ ಒಂದು ಕಡೆ ಸಡಿಲಾದರೆ ಮಧ್ಯಾಹ್ನ ಇನ್ನೊಂದು ಕಡೆ ಬಿಗಿಯಾಗುತ್ತದೆ. ಹೀಗಾಗಿ ನಮ್ಮ ಓಣಿಯಲ್ಲಿ ಬೋಲ್ಟು ತಿರುವುವ ಪಾನಾ ಇಲ್ಲದ ಮನೆಯಿಲ್ಲ. ಕಣ್ಣಿಗೆ ಬಿದ್ದ ಬೋಲ್ಟನ್ನು ಅರ್ಧ ಸುತ್ತಾದರೂ ತಿರುವದೆ ಮುಂದೆ ಹೋದವನನ್ನು ಸೊಕ್ಕಿನವ ಅಂತಾರೆ. ಇಂಥ ಓಣಿಗೆ, ಕೈಯಿಂದ ತಿರುವಿ ಮೆತ್ತಗೆ ಅಥವಾ ಗಟ್ಟಿ ಮಾಡಿಕೊಳ್ಳುವ ಶಾಕ್ ಅಬ್ಸಾರ್ಬರ್, ನಮ್ಮ ಬಾಯಲ್ಲಿ ಶಾಕಪ್ಪು, ಬಂದರೆ ಏನಾಗಬೇಕೋ ಅದೇ ಆಯಿತು.

ಅದು ಬಂದದ್ದು ಅವ್ವನ ಸಲುವಾಗಿ. ನಾನಾಗ ಹೊಸದಾಗಿ ಒಂದು ಹಳೇ ಕಾರು ಕೊಂಡಿದ್ದೆ. ಕಬ್ಬಿನ ಟ್ರ್ಯಾಕ್ಟರುಗಳು ಅಗೆದು ಹಾಕಿದ ನಮ್ಮ ರಸ್ತೆಗಳಲ್ಲಿ ಅದು ಓಡುತ್ತಿರಲಿಲ್ಲ, ಕುಣಿಯುತ್ತಿತ್ತು. ಅವ್ವ ಒಮ್ಮೆ ಜಮಖಂಡಿಯವರೆಗೆ ಕೂತು ಹೋದವಳು, ವಾಪಸು ಬರುವಾಗ ಬಸ್ ಹತ್ತಿಬಿಟ್ಟಳು. "ಇದರಾಗ ಕುಂತ್ರ ಹೊಟ್ಟ್ಯಾಗಿನ ಕರಳು ಬಾಯಿಗಿ ಬರ್ತಾವಲೇ. ಸರಕಾರಿ ಬಸ್ಸ ಛಲೋ" ಅಂದಳು. ಸರಕಾರವನ್ನು ಅವಳು ಹೊಗಳಿದ್ದು ನನಗೆ ನೆನಪಿರುವಂತೆ ಅದೊಂದೇ ಸಲ.

ಆದರೆ ಆ ವರ್ಷ ಅವಳ ತವರಿನಿಂದ ಕರೆ ಬಂತು. ಅವ್ವನ ತವರು ಅನಗವಾಡಿಯ ಆಚೆ, ಹೊಳೆಯ ದಂಡೆಯ ಒಂದು ಸಣ್ಣ ಊರು. ಆಣೆಕಟ್ಟಿನ ಹಿನ್ನೀರು ಏರುತ್ತಿತ್ತು, ಊರು ಮೇಲಕ್ಕೆ ಹೊಸ ಜಾಗಕ್ಕೆ ಹೋಗುವುದಿತ್ತು. ಅವ್ವನ ತಮ್ಮ, ನನ್ನ ಸೋದರಮಾವ, ಫೋನಿನಲ್ಲಿ ಹೇಳಿದ: "ಅಕ್ಕಾ, ಮನಿ ಕಟ್ಟಿಗಿ ಬಿಚ್ಚಾಕತ್ತೇವಿ. ಬಂದು ಉಡಿ ತುಂಬಿಸ್ಕೊಂಡು ಹೋಗು. ಬರೂ ಮಳಿಗಾಲಕ್ಕ ನಮ್ಮ ಅಂಗಳದಾಗ ಮೀನ ಆಡ್ತಾವ." ಮದುವೆಯಾಗಿ ಹೋದ ಮಗಳ ಸೆರಗಿಗೆ ತವರವರು ಅಕ್ಕಿ, ತೆಂಗಿನಕಾಯಿ, ಉತ್ತತ್ತಿ ತುಂಬಿ ಕಳಿಸುವುದು ನಮ್ಮ ಕಡೆ ಎಲ್ಲರ ಮನೆಯ ರೂಢಿ. ಆದರೆ ಆ ಹೊಸ್ತಿಲಲ್ಲಿ ಇದು ಕಡೆಯ ಉಡಿ. ಬಸ್ಸು ಡಾಂಬರು ರಸ್ತೆಗೇ ಇಳಿಸಿಬಿಡುತ್ತದೆ, ಅಲ್ಲಿಂದ ಹೊಳೆದಂಡೆಯವರೆಗೆ ನಡೆಯಲು ಅವ್ವನ ಮೊಣಕಾಲು ಒಪ್ಪುವ ಹಾಗಿರಲಿಲ್ಲ. ಕಾರಿನಲ್ಲೇ ಹೋಗಬೇಕು. ಕಾರು ಅವ್ವನಿಗೆ ಒಗ್ಗಬೇಕು.

ಕೊಲ್ಹಾಪುರದಿಂದ ತರಿಸಿದ ಶಾಕಪ್ಪುಗಳನ್ನು ಜಮಖಂಡಿಯ ಮೆಕ್ಯಾನಿಕ್ ಕೂಡಿಸಿಕೊಟ್ಟ. ಪ್ರತಿ ಗಾಲಿಯ ಹಿಂದೆ ಒಂದೊಂದು ತಿರುವಣಿ. "ಈ ಕಡೆ ತಿರುವಿದ್ರ ಮೆತ್ತಗ, ಆ ಕಡೆ ತಿರುವಿದ್ರ ಗಟ್ಟಿ. ನಡುವ ಇಟ್ಟೇನ್ರಿ, ಮುಟ್ಟಬ್ಯಾಡ್ರಿ" ಅಂದ. ಪಾಪ, ಅವನು ಬನಹಟ್ಟಿಯವನಲ್ಲ. ನಾನು ಓಣಿಗೆ ಬಂದು ಕಾರು ನಿಲ್ಲಿಸುವಷ್ಟರಲ್ಲಿ ಪಕ್ಕದ ಮನೆಯ ಗುರಸಿದ್ದಪ್ಪ ಕಾಕಾ ಲುಂಗಿ ಎತ್ತಿ ಕಟ್ಟಿ ಮುಂದಿನ ಗಾಲಿಯ ಹಿಂದೆ ಕೈ ಹಾಕಿದ್ದ. ನಮ್ಮ ಓಣಿಯಲ್ಲಿ ಯಾರ ಮಗ್ಗ ಕೆಟ್ಟರೂ ಕಾಕಾನ ಅಭಿಪ್ರಾಯ ಕೇಳಬೇಕು, ಕೇಳದಿದ್ದರೂ ಬರುತ್ತದೆ. "ಏನಲೇ ಇದು, ಇಷ್ಟ ಸಡ್ಲ ಬಿಟ್ಟಾನ? ಹಾಸು ಸಡ್ಲ ಬಿಟ್ರ ಸೀರಿ ನೆಯ್ಯಾಕ ಬರ್ತೈತೇನ? ಪೂರಾ ಬಿಗಿ ಮಾಡು" ಅಂದ. ನನಗೂ ಅದು ಖರೆ ಅನಿಸಿತು. ಹುಟ್ಟಿದಾಗಿನಿಂದ ಮಗ್ಗದ ಬಿಗಿ ಹಾಸುನೂಲಿನ ಮೇಲೆ ಅನ್ನ ಉಂಡವರು ನಾವು, ಬಿಗಿ ಇದ್ದದ್ದು ಕೆಟ್ಟದ್ದು ಅಂತ ಯಾಕೆ ಅನಿಸಬೇಕು? ನಾಲ್ಕನ್ನೂ ಕೊನೆಯವರೆಗೆ ಬಿಗಿ ಮಾಡಿದೆವು. ಓಣಿಯ ಇನ್ನೂ ಕೆಲವರು ಬಂದು, ಬಿಗಿಯಾಗಿದೆಯೋ ಇಲ್ಲವೋ ಎಂದು ತಿರುವಿ ನೋಡಿ ಹೋದರು.

ಹೋಗುವಾಗಿನ ಪ್ರಯಾಣದ ಬಗ್ಗೆ ಹೆಚ್ಚು ಹೇಳಲಾರೆ. ರಸ್ತೆ ನುಣುಪಾಗಿದ್ದಲ್ಲಿ ಕಾರು ತಿರುವಿನಲ್ಲಿ ಒಂದಿಷ್ಟೂ ವಾಲದೆ ರೈಲಿನಂತೆ ಹೋಯಿತು, ನಾನು ಹಿಗ್ಗಿದೆ. ಆದರೆ ರಸ್ತೆ ನುಣುಪಾಗಿದ್ದದ್ದು ಸ್ವಲ್ಪ ಹೊತ್ತು. ಉಳಿದಲ್ಲಿ ಬರೀ ತಗ್ಗು, ಕುಣಿ. ಗಾಲಿಗೆ ಸಿಕ್ಕ ಪ್ರತಿ ಹರಳೂ ನಮ್ಮ ಬೆನ್ನುಮೂಳೆಗೆ ಬಂದು ತನ್ನ ಗುರುತು ಹೇಳಿತು. ಅವ್ವ ಕಣ್ಣು ಮುಚ್ಚಿ "ಶಿವ ಶಿವಾ" ಅನ್ನುತ್ತಿದ್ದಳು. ಒಂದು ಕುಣಿಗೆ ಶಿವ, ಮುಂದಿನ ಕುಣಿಗೆ ಶಿವಾ.

ಮಾವನ ಮನೆಗೆ ಬಾಗಿಲೇ ಇರಲಿಲ್ಲ, ಹೊಸ ಮನೆಗೆಂದು ಬಿಚ್ಚಿ ಎತ್ತಿನ ಗಾಡಿಯಲ್ಲಿ ಇಟ್ಟಿದ್ದರು. ಹೊಸ್ತಿಲು ಮಾತ್ರ ಇತ್ತು. ಅಜ್ಜ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ ಕುಣಿಮಗ್ಗದ ಕುಣಿಯಲ್ಲಿ ಕೋಳಿಗಳು ಕೆದರುತ್ತಿದ್ದವು. ಮಾವನ ಹೆಂಡತಿ, ನನ್ನ ಅತ್ತಿ, ಮಣೆ ಹಾಕಿ ಅವ್ವನನ್ನು ಕೂಡಿಸಿ ಉಡಿ ತುಂಬಿದಳು. ಅವ್ವ ರೂಢಿಯಂತೆ ಉಡಿಯಿಂದ ಒಂದು ಚಿಟಿಕೆ ಅಕ್ಕಿ ತೆಗೆದು ಹೊಸ್ತಿಲಿಗೆ ಹಾಕಿ "ತವರು ತಣ್ಣಗಿರಲಿ" ಅಂದಳು. ಮಾವ ಸುಮ್ಮನಿರಬಾರದೇ? "ತಣ್ಣಗ ಏನು ಬಂತಕ್ಕಾ, ಪೂರಾ ತೊಯ್ದು ತೊಪ್ಪಡಿ ಆಗ್ತೈತಿ" ಅಂದ. ಎಲ್ಲರೂ ನಕ್ಕೆವು. ಅತ್ತಿ ನಗುತ್ತಲೇ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಹೊರಡುವಾಗ ನಾನು ಕೈಚೀಲ ಹಿಡಿದು, "ಅಕ್ಕಿ ಇದರಾಗ ಹಾಕು ಬೇ, ದಾರ್ಯಾಗ ಚೆಲ್ತಾವ" ಅಂದೆ. "ಈ ಉಡಿ ಚೀಲದಾಗ ಹಾಕ್ತಾರೇನಲೇ? ನಮ್ಮ ದೇವರ ಮುಂದ ಬಿಚ್ಚೂತನಾ ಒಂದು ಕಾಳ ಚೆಲ್ಲಬಾರದು. ನೀ ಸಂಭಾಳ್ಸಿ ನಡಸು" ಅಂದು ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಬರುವಾಗಿನ ರಸ್ತೆ ನೆನಪಾಗಿ, ಅಂಗಳದಲ್ಲೇ ಮೊಣಕಾಲೂರಿ ನಾಲ್ಕು ತಿರುವಣಿಗಳನ್ನೂ ಮೆತ್ತಗೆ ಮಾಡಿದೆ. ಕೊನೆಯವರೆಗೆ ಮೆತ್ತಗೆ. ನಡುವೆ ಎಂಬ ಜಾಗ ಒಂದಿದೆ ಎಂಬುದು ಆ ದಿನ ನಮ್ಮ ಮನೆತನದ ಯಾರ ತಲೆಗೂ ಹೊಳೆಯಲಿಲ್ಲ.

ಈಗ ಕಾರು ತೊಟ್ಟಿಲಾಯಿತು. ಕುಣಿ ದಾಟಿ ಎಷ್ಟೋ ಹೊತ್ತಿನವರೆಗೆ ತೂಗುತ್ತಲೇ ಇತ್ತು. ತಿರುವಿನಲ್ಲಿ ಉಡಿಯ ತೆಂಗಿನಕಾಯಿ ಒಂದು ಮಗ್ಗುಲಿಗೆ ಉರುಳಿದರೆ, ಬ್ರೇಕ್ ಒತ್ತಿದಾಗ ಅಕ್ಕಿಯೆಲ್ಲ ಮೊಣಕಾಲಿನ ಕಡೆ ಸರಿಯುತ್ತಿತ್ತು. ನಾನು ಕಾರನ್ನು ಎತ್ತಿನ ನಡಿಗೆಗೆ ಇಳಿಸಿದೆ. ಬಾಡಗಂಡಿ ಕಡೆ ಕಬ್ಬು ಒಯ್ಯುವ ಟ್ರ್ಯಾಕ್ಟರಿನವನು ನಮ್ಮನ್ನು ಹಿಂದೆ ಹಾಕುತ್ತಾ, "ಏನ್ರೀ, ದಬ್ಬಬೇಕೇನ್ರಿ?" ಅಂತ ಕೇಳಿ ಹೋದ. ಅಷ್ಟರಲ್ಲಿ ಅವ್ವನ ಕಡೆ ನೋಡಿದೆ. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು.

"ಯಾಕಬೇ?"

"ನಿನ್ನ ಶಾಕಪ್ಪಿನ ಹೊಡತಕ್ಕ ಕಣ್ಣಾಗ ನೀರು ಬಂದೂವು."

ನಾನು ನಂಬಿದೆ. ಇಳಿದು, ಹಿಂದಿನವನ್ನು ಒಂದಿಷ್ಟು ಬಿಗಿ ಮಾಡಿ ಬಂದೆ. ಮುಂದೆ ಹೋದರೆ ಮತ್ತೆ ಕಣ್ಣೀರು. ಮತ್ತೆ ಇಳಿದೆ, ಮುಂದಿನವನ್ನು ತಿರುವಿದೆ. ಬೀಳಗಿ ದಾಟುವಷ್ಟರಲ್ಲಿ ನನ್ನ ಪ್ಯಾಂಟಿನ ಮೊಣಕಾಲು ಎರಡೂ ಕೆಂಪು ಮಣ್ಣಾದವು. ಆಮೇಲೆ ಹೊಸದಾಗಿ ಡಾಂಬರು ಹಾಕಿದ ರಸ್ತೆ ಬಂತು. ಕಾರು ಅಲುಗಲಿಲ್ಲ, ಅಕ್ಕಿ ಅಲುಗಲಿಲ್ಲ. ಅವ್ವನ ಕಣ್ಣು ಮಾತ್ರ ಸುರಿಯುತ್ತಲೇ ಇತ್ತು. ಸೆರಗನ್ನು ಬಿಡುವಂತಿಲ್ಲವಾದ್ದರಿಂದ ಒರೆಸಿಕೊಳ್ಳಲೂ ಅವಳಿಗೆ ಕೈ ಇರಲಿಲ್ಲ. ಆಗ ನನಗೆ ತಿಳಿಯಿತು. ನನ್ನ ಟವೆಲ್ಲಿನಿಂದ ಅವಳ ಮುಖ ಒರೆಸಿದೆ.

"ಇನ್ನೀಟು ತಿರುವಲೇನು ಬೇ?"

"ತಿರುವಪ್ಪಾ" ಅಂದಳು.

ಇಳಿದು ಗಾಲಿಯ ಹಿಂದೆ ಕೈ ಹಾಕಿ ಸುಮ್ಮನೆ ಕೂತೆ. ಅವಳು ಮೂಗು ಸೇದಿಕೊಳ್ಳುವ ಸದ್ದು ನಿಲ್ಲುವವರೆಗೆ ಕೂತಿದ್ದೆ. ಉಡಿ ಒಂದು ಕಾಳೂ ಚೆಲ್ಲದೆ ಮನೆ ಮುಟ್ಟಿತು. ಅವ್ವ ಆ ಅಕ್ಕಿಯ ಹುಗ್ಗಿ ಮಾಡಿ ಓಣಿಗೆಲ್ಲ ಹಂಚಿದಳು. "ಶಾಕಪ್ ಭಾಳ ಛಲೋ ಅದಾವ" ಅಂತ ಅವಳ ಬಾಯಿಂದ ಬಂದದ್ದೇ ತಡ, ಗುರಸಿದ್ದಪ್ಪ ಕಾಕಾ ಅದೆಲ್ಲ ತನ್ನ ಬಿಗಿಯ ಪ್ರತಾಪ ಎಂದು ಊರೆಲ್ಲ ಹೇಳಿಕೊಂಡು ಬಂದ.

ಆಮೇಲೆ ಮೊಣಕಾಲಿನ ಡಾಕ್ಟರ ಹತ್ತಿರ ಬಾಗಲಕೋಟೆಗೆ ಹೋಗುವಾಗೆಲ್ಲ ಅನಗವಾಡಿ ಸೇತುವೆ ಬಂದರೆ ಅವ್ವ, "ಶಾಕಪ್ ಬಿಗಿ ಆಗ್ಯಾವ ನೋಡು, ನಿಂದ್ರಸು" ಅನ್ನುತ್ತಿದ್ದಳು. ನಾನು ಇಳಿದು ಗಾಲಿಯ ಹತ್ತಿರ ಕೂಡುತ್ತಿದ್ದೆ. ಅವಳು ಕಿಟಕಿಯಿಂದ ಹಿನ್ನೀರು ನೋಡುತ್ತಿದ್ದಳು. ಆ ಕಾರು ಹೋಗಿ ಬೇರೆ ಕಾರು ಬಂತು. ಇದರ ಶಾಕಪ್ಪಿಗೆ ತಿರುವಣಿಯೇ ಇಲ್ಲ. ಅವ್ವನಿಗೆ ಅದನ್ನು ಹೇಳಲು ಹೋಗಿಲ್ಲ.

ಮೊನ್ನೆ ಸೇತುವೆ ಬಂದಾಗ ಅವ್ವ ಹಿಂದಿನ ಸೀಟಿನಲ್ಲಿ ಗಾಢ ನಿದ್ದೆಯಲ್ಲಿದ್ದಳು. ನಿಲ್ಲಿಸು ಅನ್ನುವವರು ಯಾರೂ ಇರಲಿಲ್ಲ. ಆದರೂ ನನ್ನ ಕಾಲು ಬ್ರೇಕಿನ ಮೇಲೆ ಹೋಯಿತು. ಇಳಿದೆ, ಗಾಲಿಯ ಹತ್ತಿರ ಕೂತೆ, ನೀರು ನೋಡಿದೆ. ಮಾವನ ಅಂಗಳ ಎಲ್ಲಿರಬಹುದು ಎಂದು ಲೆಕ್ಕ ಹಾಕುವಷ್ಟರಲ್ಲಿ ಕಿಟಕಿಯ ಗಾಜು ಇಳಿದ ಸದ್ದಾಯಿತು.

"ಯಾಕಲೇ, ಏನಾತು?"

"ಏನಿಲ್ಲ ಬೇ. ಶಾಕಪ್ ಬಿಗಿ ಆಗ್ಯಾವ."

ಅವ್ವ ನನ್ನ ತೊಯ್ದ ಕೆನ್ನೆ ನೋಡಿದಳು.

"ತಿರುವು, ತಿರುವು. ಡಾಕ್ಟರ ಎಲ್ಲಿ ಓಡಿ ಹೋಗಂಗಿಲ್ಲ" ಅಂದು ತನ್ನ ಸೆರಗಿನ ತುದಿಯನ್ನು ಕಿಟಕಿಯಿಂದ ನನ್ನ ಕಡೆ ಚಾಚಿದಳು.